ಬೋಲ್ಟಿಗೆ ಅರಿಶಿನ ಹಚ್ಚಿಸಿದವರು

ಮೊನ್ನೆ ವಿಜಯವಾಡದಿಂದ ಫೋನು ಬಂತು. "ಏನೋ, ನಾನು ರಿಟೈರ್ ಆಗ್ಬಿಟ್ಟೆ ಕಣೋ. ನಾಳೆಯಿಂದ ಯಾರ ಮನೆ ಮೇಲೆ ಹತ್ತಲಿ, ಹೇಳು?"

ಬ್ಯಾಂಕಿನಲ್ಲಿ ಮ್ಯಾನೇಜರ್ ಅನ್ನಿಸಿಕೊಂಡು, ತಲೆಗೂದಲು ಅರ್ಧ ಉದುರಿಸಿಕೊಂಡ ನನ್ನನ್ನು ಹೀಗೆ "ಏನೋ" ಎಂದು ಕರೆಯುವವರು ಇಬ್ಬರೇ. ಒಬ್ಬಳು ನನ್ನ ಅವ್ವ. ಇನ್ನೊಬ್ಬರು ಈ ಮಹಾನುಭಾವರು. ನಿಮ್ಮ ಬಗ್ಗೆ ಏನಾದರೂ ಬರೆಯುತ್ತೇನೆ ಎಂದೆ. "ಬರಿ ಬರಿ. ಹೆಸರು ಹಾಕಿದ್ರೆ ಮಾತ್ರ ನಿನ್ನ ಮನೆ ತಗಡು ಕಿತ್ತು ಹಾಕ್ತೀನಿ" ಎಂದರು. ಕಿತ್ತು ಹಾಕುವುದು ಸಾಧ್ಯವಿಲ್ಲವೆಂದು ಅವರಿಗೂ ಗೊತ್ತು, ನನಗೂ ಗೊತ್ತು. ಆದರೂ ಮಾತಿಗೆ ಬೆಲೆ ಕೊಟ್ಟು, ನಮ್ಮ ಅವ್ವ ಅವರಿಗೆ ಇಟ್ಟ ಹೆಸರನ್ನೇ ಇಲ್ಲಿ ಬಳಸುತ್ತೇನೆ: ಗಾಳಿಯಪ್ಪ.

ಗಾಳಿಯಪ್ಪನವರು ಆಗ ವಿಶಾಖಪಟ್ಟಣದಲ್ಲಿ ಮನೆ ಕಟ್ಟಲು ಪರವಾನಗಿ ಕೊಡುವ ಕಚೇರಿಯಲ್ಲಿ ಎಂಜಿನಿಯರ್ ಆಗಿದ್ದರು. ನಕ್ಷೆ ನೋಡುವುದು, ಕಟ್ಟಿದ ಮೇಲೆ ಹೋಗಿ ನಕ್ಷೆಯಂತೆಯೇ ಕಟ್ಟಿದ್ದಾರೋ ಇಲ್ಲವೋ ನೋಡುವುದು, ಸಮುದ್ರದ ಊರಾದ್ದರಿಂದ ಗಾಳಿಗೆ ನಿಲ್ಲುವಂತಿದೆಯೋ ನೋಡುವುದು ಅವರ ಕೆಲಸ. ಮೊದಲಿನ ಎರಡನ್ನು ಸಂಬಳಕ್ಕಾಗಿ ಮಾಡುತ್ತಿದ್ದರು. ಮೂರನೆಯದನ್ನು ಸಂಬಳ ಕೊಡದಿದ್ದರೂ ಮಾಡುತ್ತಿದ್ದರು ಅನ್ನಿಸುತ್ತದೆ. ಯಾರ ಮನೆಗೇ ಹೋಗಲಿ, ಗೇಟಿನ ಹೊರಗೆ ರಸ್ತೆಯಲ್ಲೇ ನಿಂತು, ಸೊಂಟದ ಮೇಲೆ ಎರಡೂ ಕೈ ಇಟ್ಟು, ಮೊದಲು ಮೇಲೆ ನೋಡುತ್ತಿದ್ದರು. ಮನೆಯವರು ಬಾಗಿಲಲ್ಲಿ ನಿಂತು ತೆಲುಗಿನಲ್ಲಿ "ರಂಡಿ, ರಂಡಿ", ಅಂದರೆ ಬನ್ನಿ ಬನ್ನಿ, ಎಂದು ಬಾಯಿ ತುಂಬ ಕರೆಯುತ್ತಿದ್ದರೂ ಇವರ ಕಣ್ಣು ಸೂರಿನ ಮೇಲೆ. ಆಮೇಲೆ ಗೇಟು ಅಲ್ಲಾಡಿಸಿ, ಕಿಟಕಿ ಅಲ್ಲಾಡಿಸಿ, ಕೈಗೆ ಸಿಕ್ಕಿದ್ದನ್ನೆಲ್ಲ ಎಳೆದು ನೋಡಿ, ಕೊನೆಗೆ ಚಪ್ಪಲಿ ಬಿಡುತ್ತಿದ್ದರು. ನಮ್ಮ ಸಹೋದ್ಯೋಗಿಯೊಬ್ಬರ ಮಗಳ ಮದುವೆಯಲ್ಲಿ ಎಲ್ಲರೂ ಅಕ್ಷತೆ ಹಿಡಿದು ಎದ್ದು ನಿಂತಾಗ ಇವರು ಮಾತ್ರ ಒಂದು ಮೂಲೆಯಲ್ಲಿ ಚಪ್ಪರದ ಕಂಬವನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸುತ್ತಿದ್ದರು. ಪುರೋಹಿತರು ಮಂತ್ರ ನಿಲ್ಲಿಸಿ ಅವರ ಕಡೆ ನೋಡಿದ್ದು ಮದುವೆಯ ವಿಡಿಯೋದಲ್ಲಿ ಇವತ್ತಿಗೂ ಇದೆ.

ನಾನು ಅವರನ್ನು ಮೊದಲು ಕಂಡಿದ್ದು ನಮ್ಮ ಮನೆಯ ನಕ್ಷೆ ಹಿಡಿದುಕೊಂಡು ಹೋದಾಗ. ವರ್ಗವಾಗಿ ಬಂದ ಬ್ಯಾಂಕಿನವನು ಪರಊರಿನಲ್ಲಿ ಮನೆ ಕಟ್ಟುವುದು ಹುಚ್ಚು ಎಂದು ಎಲ್ಲರೂ ಹೇಳಿದ್ದರು. ಆದರೆ ನನ್ನ ಹೆಂಡತಿಗೆ ಅಲ್ಲಿಯೇ ಕಾಲೇಜಿನಲ್ಲಿ ಕೆಲಸ ಸಿಕ್ಕಿತ್ತು, ಮಗಳು ಕನ್ನಡಕ್ಕಿಂತ ಚೆನ್ನಾಗಿ ತೆಲುಗು ಮಾತಾಡುತ್ತಿದ್ದಳು, ಅಪ್ಪ ಅವ್ವ ಗದಗಿನಿಂದ ಬಂದು ನಮ್ಮ ಜೊತೆಗೇ ಇದ್ದರು. ಅದಕ್ಕಿಂತ ದೊಡ್ಡ ಕಾರಣ ರೊಟ್ಟಿ. ಬಾಡಿಗೆ ಮನೆಯಲ್ಲಿ ಅವ್ವ ಜೋಳದ ರೊಟ್ಟಿ ಬಡಿಯುವ ಸದ್ದಿಗೆ ಕೆಳಗಿನ ಮನೆಯವರು ಹತ್ತಿ ಬಂದು, ಗೋಡೆ ಏನಾದರೂ ಒಡೆಸುತ್ತಿದ್ದೀರಾ ಎಂದು ವಿನಯದಿಂದ ಕೇಳಿದ್ದರು. ಅವತ್ತು ಅವ್ವ ತವೆ ಇಳಿಸಿದವಳು, ಸ್ವಂತ ಮನೆಯಾಗುವ ತನಕ ರೊಟ್ಟಿ ಬಡಿಯುವುದಿಲ್ಲ ಎಂದುಬಿಟ್ಟಳು. ಅಪ್ಪ ನಿವೃತ್ತ ಮಾಸ್ತರು, ಹುಟ್ಟಿದಾಗಿನಿಂದ ರೊಟ್ಟಿ ತಿಂದವರು. ದಿನಾ ಅನ್ನ ಕಂಡು ಸೊರಗತೊಡಗಿದರು. ಹಾಗಾಗಿ ನಕ್ಷೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಮಾಳಿಗೆಯ ಮೇಲಿನ ತಗಡಿನ ಕೋಣೆ, ಅಂದರೆ ಅವ್ವನ ರೊಟ್ಟಿಮನೆ.

ಗಾಳಿಯಪ್ಪನವರು ನಕ್ಷೆಯ ಮೇಲೆ ಬಗ್ಗಿದ್ದರು. ನಾನು ಇಂಗ್ಲಿಷಿನಲ್ಲಿ ಶುರುಮಾಡಿ, ತೆಲುಗಿಗೆ ಇಳಿದು, ಎರಡರಲ್ಲೂ ತಡವರಿಸುತ್ತಿದ್ದಾಗ ತಲೆ ಎತ್ತಿ ಕೇಳಿದರು:

"ಕನ್ನಡಾನಾ ನೀನು? ಮೊದಲೇ ಹೇಳಬಾರದಾ? ಬಾರೋ, ಕೂತ್ಕೊ. ತಿಂಡಿ ತಿಂದ್ಯಾ?"

ನಾನು ಬೆಚ್ಚಿಬಿದ್ದೆ. ಆಮೇಲೆ ತಿಳಿಯಿತು. ಅವರ ಅಜ್ಜಿ ಕೋಲಾರದ ಕಡೆಯವರು. ಚಿಕ್ಕಂದಿನಲ್ಲಿ ಇವರನ್ನು ಸಾಕಿದವರು ಅವರೇ. ಅಜ್ಜಿಯ ಬಾಯಿಂದ ಕಲಿತಷ್ಟೇ ಇವರ ಕನ್ನಡ. ಉಣ್ಣುವುದು, ತಿನ್ನುವುದು, ಬೈಯುವುದು, ಮುದ್ದು ಮಾಡುವುದು, ಇಷ್ಟಕ್ಕೆ ಬೇಕಾದ ಮಾತೆಲ್ಲ ಗೊತ್ತು. ಕಟ್ಟಡ, ಕಾನೂನು, ಕಾಂಕ್ರೀಟು ಯಾವುದಕ್ಕೂ ಅವರಲ್ಲಿ ಕನ್ನಡವಿರಲಿಲ್ಲ. ಆದರೆ ಕನ್ನಡದವನು ಎದುರಿಗೆ ಕೂತಾಗ ತೆಲುಗು ಮಾತಾಡಲು ಅವರಿಗೆ ಮನಸ್ಸೂ ಇರಲಿಲ್ಲ. ಹೀಗಾಗಿ ಗಾಳಿಗೆ ನಿಲ್ಲುವ ಮನೆಯ ನಿಯಮಗಳನ್ನೆಲ್ಲ ಅಡುಗೆಮನೆಯ ಮಾತಿನಲ್ಲೇ ಹೇಳುತ್ತಿದ್ದರು.

"ನಿಮ್ಮಮ್ಮನ ಕೋಣೆಗೆ ಮೂರು ಕಡೆ ಗೋಡೆ, ಸಮುದ್ರದ ಕಡೆ ಮಾತ್ರ ಬಾಯಿ ತೆರೆದಿದ್ದೀಯಾ. ಗಾಳಿ ಒಳಗೆ ಬರುತ್ತೆ. ಆಚೆ ಹೋಗೋಕೆ ದಾರಿ ಎಲ್ಲಿ? ಪೂರಿ ಉಬ್ಬೋದು ನೋಡಿದ್ದೀಯಾ? ಹಾಗೆ ಉಬ್ಬಿ ತಗಡು ಎದ್ದು ಹೋಗುತ್ತೆ. ಎದುರಿನ ಗೋಡೆಗೂ ಕಿಟಕಿ ಇಡು."

ಇಟ್ಟೆ. ಸೂರು ಅರ್ಧ ಬೀದಿಯ ತನಕ ಚಾಚಿತ್ತು, ಅವ್ವನ ಆಸೆಯಂತೆ. ಅದಕ್ಕೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದರು.

"ದೋಸೆ ಎಬ್ಬಿಸೋವಾಗ ಸಟ್ಟುಗ ಎಲ್ಲಿ ಹಾಕ್ತೀಯಾ?"

"ಅಂಚಿಗೆ."

"ಗಾಳಿಗೂ ಅಷ್ಟೇ ಬುದ್ಧಿ. ಅಂಚು ಸಿಕ್ಕಿದ್ರೆ ಸಾಕು ಅದಕ್ಕೆ. ಅಂಚು ಕಮ್ಮಿ ಮಾಡು. ಅಂಚಿನಲ್ಲಿ, ಮೂಲೆಯಲ್ಲಿ ಬೋಲ್ಟು ಜಾಸ್ತಿ ಹಾಕು. ಈಗ ಹೋಗು, ಹಸಿವಾಗಿರುತ್ತೆ ನಿನಗೆ."

ಮನೆ ಏಳುತ್ತಿದ್ದಾಗ ಭಾನುವಾರ ಬೆಳಿಗ್ಗೆ ಕರೆಯದೇ ಬರುತ್ತಿದ್ದರು. ಅವ್ವ ಅಲ್ಲೇ ಇಟ್ಟಿಗೆ ರಾಶಿಯ ಮೇಲೆ ಕೂತು ಕೆಲಸದವರನ್ನು ಕಾಯುತ್ತಿದ್ದಳು. ಕನ್ನಡ ಮಾತಾಡುವ ಹಿರಿಯ ಹೆಂಗಸೆಂದರೆ ಗಾಳಿಯಪ್ಪನವರ ಪಾಲಿಗೆ ಅಜ್ಜಿಯೇ. ಮೊದಲ ದಿನವೇ "ಏನಜ್ಜೀ, ಚೆನ್ನಾಗಿದ್ದೀಯಾ?" ಎಂದರು.

ಅವ್ವ ಅವರ ಬಿಳಿ ತಲೆಯನ್ನು ನೋಡಿದಳು. "ನಿನಗ ನಾ ಅಜ್ಜಿ ಹ್ಯಾಂಗ ಆಗತೀನೋ ತಮ್ಮಾ? ನಿನ್ನ ತಲಿ ನನ್ನ ತಲಿಗಿಂತ ಬೆಳ್ಳಗ ಐತಿ!"

"ಗಾಳಿಗೆ ಬೆಳ್ಳಗಾಗಿದ್ದು ಅಜ್ಜೀ."

ಅಲ್ಲಿಂದ ಇಬ್ಬರಿಗೂ ಜಗಳ, ಸ್ನೇಹ ಎರಡೂ ಒಟ್ಟೊಟ್ಟಿಗೆ ನಡೆದವು. ಸೂರು ಮೊಟಕು ಮಾಡಿದ್ದಕ್ಕೆ ಅವ್ವ ಅವರನ್ನು ಬೈದಳು. ಕಬ್ಬಿಣದ ಕಂಬ ಸರಿಯಾಗಿ ಹೂತಿಲ್ಲವೆಂದು ಅವರು ಮೇಸ್ತ್ರಿಯನ್ನು ಬೈದಾಗ ಅವ್ವ ಅವರ ಜೊತೆ ಸೇರಿಕೊಂಡು ಮೇಸ್ತ್ರಿಯನ್ನು ಬೈದಳು. ನೀನು ಎಲ್ಲಿ ಮನೆ ಕಟ್ಟೀ ಎಂದು ಒಂದು ದಿನ ಕೇಳಿದಳು. ಅವರದು ಬಾಡಿಗೆ ಮನೆ. "ಕಟ್ಟಿದ್ರೆ ಪರ್ಮಿಷನ್ ಯಾರು ಕೊಡ್ತಾರಜ್ಜೀ? ನಾನಂತೂ ಕೊಡಲ್ಲ" ಎಂದು ತಮ್ಮ ಮಾತಿಗೆ ತಾವೇ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರ ನಗುವಿಗೆ ಹಿಂದೆ ಮುಂದೆ ಇರಲಿಲ್ಲ. ಶುರುವಾದರೆ ಬೀದಿಯ ನಾಯಿಗಳೂ ಎದ್ದು ನಿಲ್ಲುತ್ತಿದ್ದವು.

ಗೃಹಪ್ರವೇಶಕ್ಕೆ ಮುಹೂರ್ತ ಇಟ್ಟಾಯಿತು. ಊರಿನಿಂದ ನೆಂಟರು ಎರಡು ರೈಲು ಬದಲಿಸಿ ಬಂದಿಳಿದರು. ಹಿಂದಿನ ದಿನ ಗಾಳಿಯಪ್ಪನವರು ಕೊನೆಯ ಸಲ ಮನೆ ನೋಡಿ ಸಹಿ ಹಾಕುವುದೆಂದು ನಿಶ್ಚಯವಾಗಿತ್ತು. ಆ ಸಹಿ ಇಲ್ಲದೆ ಹೊಸ ಮನೆಯಲ್ಲಿ ಇರತೊಡಗಿದವರು ಊರಿನಲ್ಲಿ ಬೇಕಾದಷ್ಟು ಜನ. ಆದರೆ ಮನೆ ಸಾಲ ಕೊಡುವ ಕುರ್ಚಿಯಲ್ಲಿ ಕೂತು ದಿನಾ ಮಂದಿಗೆ ನಿಯಮ ಹೇಳುವ ನಾನು ಹಾಗೆ ಮಾಡುವಂತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬಂದರು. ರಸ್ತೆಯಲ್ಲಿ ನಿಂತರು. ಸೊಂಟದ ಮೇಲೆ ಕೈ ಇಟ್ಟರು. ಮೇಲೆ ನೋಡಿದರು. ನಗು ಬರಲಿಲ್ಲ.

ನಾನೂ ಮೇಲೆ ನೋಡಿದೆ. ರೊಟ್ಟಿಮನೆಯ ತಗಡಿನ ಮೇಲೆ ಸಾಲಾಗಿ ಕಲ್ಲುಗಳು ಕೂತಿದ್ದವು. ನೆಲಕ್ಕೆ ಹಾಸಿ ಮಿಕ್ಕಿದ ಗ್ರಾನೈಟ್ ತುಂಡುಗಳು, ಪಾಯದಲ್ಲಿ ಉಳಿದ ದಪ್ಪ ಕಲ್ಲುಗಳು, ನಡುವೆ ರಾಜನ ಹಾಗೆ ನಮ್ಮ ಹಳೆಯ ಒರಳು. ನಮ್ಮ ಕಡೆ ತಗಡಿನ ಮನೆಗೆ ಕಲ್ಲು ಹೇರುವುದು ಬಾಗಿಲಿಗೆ ತೋರಣ ಕಟ್ಟಿದಷ್ಟೇ ಸಹಜ. ಬೆಳಿಗ್ಗೆ ಅವ್ವ ನೆಂಟರ ಪೈಕಿ ಗಟ್ಟಿಮುಟ್ಟಾದವರನ್ನು ಹತ್ತಿಸಿ ಈ ಕೆಲಸ ಮುಗಿಸಿದ್ದಳು. ಅಪ್ಪ ಕೆಳಗೆ ನಿಂತು, ಯಾವ ಕಲ್ಲು ಎಲ್ಲಿ ಎಂದು ಪಾಠ ಹೇಳುವ ದನಿಯಲ್ಲಿ ಹೇಳಿಕೊಟ್ಟಿದ್ದರು.

"ಅಜ್ಜೀ, ಅದನ್ನ ಇಳಿಸು" ಎಂದರು ಗಾಳಿಯಪ್ಪ.

"ಯಾಕ ಇಳಸಬೇಕು? ಭಾರ ಇದ್ರ ತಗಡು ಕುಂದರತೈತಿ."

"ಗಾಳಿ ತಗಡನ್ನ ಮೇಲಕ್ಕೆ ಎಳೆಯುತ್ತೆ ಅಜ್ಜೀ. ತಗಡು ಅದುರಿದ್ರೆ ಕಲ್ಲು ಜಾರುತ್ತೆ. ಆಮೇಲೆ ಅದು ಕಲ್ಲಲ್ಲ, ಗುಂಡು."

"ನಾ ಸಣ್ಣಾಕಿ ಇದ್ದಾಗ ನಮ್ಮನಿ ತಗಡು ಹಾರಿ ಹೋಗಿ ಹೊಲದಾಗ ಬಿದ್ದಿತ್ತೋ. ನಮ್ಮವ್ವ ನಮ್ಮನ್ನೆಲ್ಲಾ ಸೆರಗಿನಾಗ ಮುಚ್ಚಿಕೊಂಡು ಮಳ್ಯಾಗ ಕುಂತಿದ್ಲು. ಮರುದಿನ ನಮ್ಮಪ್ಪ ಕಲ್ಲು ಹೇರಿದ. ಮತ್ತ ಒಮ್ಮಿನೂ ಹಾರಲಿಲ್ಲ. ನಿನ್ನ ಬೆರಳಷ್ಟು ಬೋಲ್ಟ್ ನಂಬಿ ನಾ ನನ್ನ ಮೊಮ್ಮಗಳನ್ನ ಅದರ ಕೆಳಗ ಕುಂದರಸೂದಿಲ್ಲ."

ಅವ್ವ ಈ ಕತೆಯನ್ನು ನನಗೂ ಎಂದೂ ಹೇಳಿರಲಿಲ್ಲ. ಗಾಳಿಯಪ್ಪನವರು ಪೂರ್ತಿ ಕೇಳಿಸಿಕೊಂಡರು. ಆದರೆ ಜಗ್ಗಲಿಲ್ಲ. ಕಲ್ಲು ಇದ್ದರೆ ಸಹಿ ಇಲ್ಲ ಎಂದರು. ಕಲ್ಲು ಇಳಿಸಿದರೆ ನಾಳೆ ಹಾಲು ಉಕ್ಕಿಸುವುದಿಲ್ಲ ಎಂದಳು ಅವ್ವ. ನೆಂಟರೆಲ್ಲ ನನ್ನ ಮುಖ ನೋಡಿದರು. ನಾನು ಹೆಂಡತಿಯ ಮುಖ ನೋಡಿದೆ. ಅವಳು ಜಾಣೆ, "ಮೊದಲ ಎಲ್ಲಾರೂ ಊಟ ಮಾಡ್ರಿ" ಎಂದಳು.

ಊಟಕ್ಕೆ ಮಾಳಿಗೆಯ ಮೇಲೆಯೇ ಎಲೆ ಹಾಕಿದ್ದರು. ಮಧ್ಯಾಹ್ನವಾದರೆ ಅಲ್ಲಿ ಸಮುದ್ರದ ಗಾಳಿ ಏಳುತ್ತದೆ. ಬಾಳೆ ಎಲೆಗಳು ಪಟಪಟ ಎನ್ನತೊಡಗಿದವು. ಎಲ್ಲರೂ ಮಾಡುವಂತೆ ಅಪ್ಪ ಮಜ್ಜಿಗೆಯ ಲೋಟವನ್ನು ಎಲೆಯ ತುದಿಗೆ ಇಟ್ಟರು. ಅವರ ಪಕ್ಕದಲ್ಲಿ ಗಾಳಿಯಪ್ಪ ಕೂತಿದ್ದರು. ಲೋಟವನ್ನೇ ನೋಡಿದರು. ಒಂದು ಗಾಳಿ ಬೀಸಿತು. ಎಲೆ ಎದ್ದಿತು, ಎಲೆಯ ಜೊತೆ ಲೋಟವೂ ಎದ್ದಿತು, ಮಜ್ಜಿಗೆಯೆಲ್ಲ ಅಪ್ಪನ ಹೊಸ ಧೋತರದ ಮೇಲೆ.

ಗಾಳಿಯಪ್ಪನವರ ನಗು ಬೀದಿಗೆ ಕೇಳಿಸಿರಬೇಕು. ನೆಂಟರೆಲ್ಲ ನಕ್ಕರು. ಕೊನೆಗೆ ಅಪ್ಪನೂ ಧೋತರ ಹಿಂಡುತ್ತ ನಕ್ಕರು.

"ಅಜ್ಜೀ, ಇಲ್ಲಿ ಬಾ. ಲೋಟ ಬೇಡ, ಹೆಬ್ಬೆರಳಲ್ಲಿ ಎಲೆ ಹಿಡ್ಕೊ."

ಅವ್ವ ಬಗ್ಗಿ ಹಿಡಿದಳು. ಗಾಳಿ ಮತ್ತೆ ಬೀಸಿತು. ಎಲೆ ಅದುರಿತು, ಏಳಲಿಲ್ಲ.

"ಬೋಲ್ಟು ಅಂದ್ರೆ ಇಷ್ಟೇ. ಭಾರ ಹಾಕೋದಲ್ಲ, ಹಿಡ್ಕೊಳ್ಳೋದು. ಇಲ್ಲಿ ಬಿದ್ದಿದ್ದು ಮಜ್ಜಿಗೆ. ಅಲ್ಲಿಂದ ಬಿದ್ರೆ ಒರಳು, ಅದೂ ಪಕ್ಕದ ಮನೆ ಅಂಗಳಕ್ಕೆ."

ಪಕ್ಕದ ಅಂಗಳದಲ್ಲಿ ಒಬ್ಬ ಬಸುರಿ ಹೆಂಗಸು ಬಟ್ಟೆ ಒಣಹಾಕುತ್ತಿದ್ದಳು. ಅವ್ವ ಅವಳನ್ನು ನೋಡಿದಳು, ಮೇಲಿನ ಒರಳನ್ನು ನೋಡಿದಳು. ಆದರೆ ನಮ್ಮ ಅವ್ವ ಅಷ್ಟು ಸುಲಭಕ್ಕೆ ಸೋಲುವವಳೇ?

"ಹಿಡಕೊಂಡೈತಿ ಅಂತ ಯಾರು ಹೇಳಬೇಕು? ಬಿಗಿದಾಂವ ಯಾವನೋ, ಹ್ಯಾಂಗ ಬಿಗಿದಾನೋ."

ಗಾಳಿಯಪ್ಪನವರು ಎಂಜಲು ಕೈ ತೊಳೆದು ಬಂದು, ತಮ್ಮ ಚೀಲದಿಂದ ಸ್ಪ್ಯಾನರ್ ತೆಗೆದು ಅವ್ವನ ಮುಂದೆ ಹಿಡಿದರು. "ಹಾಗಾದ್ರೆ ನೀನೇ ಬಿಗಿ."

ಅವ್ವ ಸ್ಪ್ಯಾನರ್ ತೆಗೆದುಕೊಂಡಳು. ಹಾಗೆಯೇ ಕೈ ಹಚ್ಚಲಿಲ್ಲ. ಮಂಗಳದ ಕೆಲಸದ ಮನೆಯಲ್ಲಿ ಕಬ್ಬಿಣ ಮುಟ್ಟುವುದಕ್ಕೆ ಒಂದು ರೀತಿ ಬೇಡವೇ? ಅರಿಶಿನ ಕುಂಕುಮ ತರಿಸಿ ಸ್ಪ್ಯಾನರಿಗೆ ಹಚ್ಚಿದಳು, ಇಳಕಲ್ ಸೀರೆಯ ಸೆರಗು ಸೊಂಟಕ್ಕೆ ಸಿಗಿಸಿದಳು, ಏಣಿ ಹತ್ತಿದಳು. ಅಪ್ಪ ಒದ್ದೆ ಧೋತರದಲ್ಲಿ ಏಣಿ ಹಿಡಿದು ನಿಂತರು. ಅಂಚಿನ ಬೋಲ್ಟುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ, ಬಿಗಿಯಾಗಿದ್ದರೆ ಒಂದು ಬೊಟ್ಟು ಅರಿಶಿನ, ಒಂದು ಬೊಟ್ಟು ಕುಂಕುಮ. ಮೂಲೆಗೆ ಹೋದಾಗ ಅವಳ ಮುಖ ಅರಳಿತು.

"ಏ ಗಾಳಿಯಪ್ಪಾ! ಇದು ತಿರಗತೈತಿ ನೋಡಪಾ!"

ನಿಜಕ್ಕೂ ಸಡಿಲವಿತ್ತು. ಗಾಳಿಯಪ್ಪನವರ ಮುಖ ಒಂದು ಗಳಿಗೆ ಸಪ್ಪಗಾಯಿತು. ಆಮೇಲೆ ಎರಡೂ ಕೈ ಜೋಡಿಸಿಬಿಟ್ಟರು. "ತಪ್ಪಾಯ್ತು, ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ ಅಜ್ಜೀ. ಬಿಗಿ, ಬಿಗಿ." ಅವ್ವ ಹಲ್ಲು ಕಚ್ಚಿ ಬಿಗಿದಳು. ಇಳಿದು ಬಂದು, ಯಾರೂ ಕೇಳದೆಯೇ, "ಕಲ್ಲು ಇಳಸ್ರಿ" ಎಂದಳು.

ಸಹಿ ಬಿದ್ದದ್ದು ರೊಟ್ಟಿ ಬಡಿಯುವ ಕಲ್ಲಿನ ಮೇಲೆ. ಕಾಗದ ಹರಡಿಕೊಳ್ಳಲು ಬೇರೆ ಜಾಗವಿರಲಿಲ್ಲ. "ಈ ಕಲ್ಲೊಂದು ಇರಲಿ" ಎಂದರು. ಮರುದಿನ ಹಾಲು ಚೆನ್ನಾಗಿ ಉಕ್ಕಿತು. ಆಮೇಲೆ ಅವ್ವ ಮೇಲೆ ಹೋಗಿ ಮೊದಲ ರೊಟ್ಟಿ ಬಡಿದಳು. ಅಪ್ಪ ಎಷ್ಟು ತಿಂದರೋ ಅವ್ವನೂ ಲೆಕ್ಕ ಇಡಲಿಲ್ಲ. ಇಳಿಸಿದ ಕಲ್ಲುಗಳಿಂದ ಗೇಟಿನ ಪಕ್ಕ ಒಂದು ಕಟ್ಟೆ ಕಟ್ಟಿಸಿದೆವು. ಗಾಳಿಯಪ್ಪನವರು ಬಂದಾಗಲೆಲ್ಲ ಅಲ್ಲೇ ಕೂರುತ್ತಿದ್ದರು.

ಗೃಹಪ್ರವೇಶಕ್ಕೆ ಬಂದ ತೆಲುಗು ಹೆಂಗಸರಿಗೆ ಬೋಲ್ಟುಗಳ ಮೇಲಿನ ಅರಿಶಿನ ಕುಂಕುಮ ಕಂಡು ಸೋಜಿಗ. ಇದೇನೆಂದು ನನ್ನ ಹೆಂಡತಿಯನ್ನು ಕೇಳಿದರು. ಅವಳು ಬಾಯಿ ತೆರೆಯುವ ಮೊದಲೇ ಗಾಳಿಯಪ್ಪ ಹಿಂದಿನಿಂದ ಗಂಭೀರವಾಗಿ ಹೇಳಿದರು: "ಇದಿ ಕನ್ನಡವಾಳ್ಳ ಆಚಾರಮಂಡಿ." ಮನೆಯ ಹೆಂಗಸು ತನ್ನ ಕೈಯಾರೆ ಬೋಲ್ಟು ಬಿಗಿದ ಮೇಲೆಯೇ ಕನ್ನಡದವರು ಹಾಲು ಉಕ್ಕಿಸುವುದು, ತಲೆತಲಾಂತರದಿಂದ ಬಂದದ್ದು ಎಂದು ಕಣ್ಣು ಮಿಟುಕಿಸದೆ ವಿವರಿಸಿದರು. ಹೆಂಗಸರು ತಲೆದೂಗಿದರು.

ಆಮೇಲೆ ನಾನು ತರಾಟೆಗೆ ತೆಗೆದುಕೊಂಡೆ. "ಏನ್ ಸಾರ್ ಇದು, ಇಲ್ಲದ ಆಚಾರ ಹುಟ್ಟಿಸಿದಿರಿ?"

"ಇಷ್ಟು ವರ್ಷ ರೂಲ್ಸು ರೂಲ್ಸು ಅಂತ ಬಾಯಿ ಬಡ್ಕೊಂಡೆ ಕಣೋ. ಎಲ್ಲಾ ಹೂಂ ಅಂತಾರೆ, ಯಾರೂ ಮಾಡಲ್ಲ. ಇವತ್ತು ನೋಡು, ಆ ನೀಲಿ ಸೀರೆಯಾಕೆ ಯಾವ ಸೈಜು ಸ್ಪ್ಯಾನರ್ ಬೇಕು ಅಂತ ಕೇಳಿದ್ಲು ನನ್ನ!"

ಆ ವರ್ಷದ ಮಳೆಗಾಲದ ಕೊನೆಗೆ ಒಂದು ಬಿರುಗಾಳಿ ಬಂತು. ಹಗಲಿಡೀ ಬೀಸಿತು. ನಾವು ಕೆಳಗಿನ ಕೋಣೆಯಲ್ಲಿ ಬಾಗಿಲು ಕಿಟಕಿ ಭದ್ರಪಡಿಸಿ ಕೂತಿದ್ದೆವು. ಬೀದಿಯಲ್ಲಿ ಯಾರದೋ ತಗಡು ಡಬಡಬ ಉರುಳುವ ಸದ್ದು. ಪ್ರತಿ ಸದ್ದಿಗೂ ಅವ್ವ ನನ್ನ ಮಗಳನ್ನು ತೊಡೆಗೆ ಎಳೆದುಕೊಂಡು ಮೇಲೆ ನೋಡುತ್ತಿದ್ದಳು. ಅವಳ ತುಟಿ ಅಲ್ಲಾಡುತ್ತಿತ್ತು. ದೇವರ ಹೆಸರೋ ಗಾಳಿಯಪ್ಪನ ಹೆಸರೋ ತಿಳಿಯಲಿಲ್ಲ. ಗಾಳಿ ತಗ್ಗಿದ ಮೇಲೆ ಹೊರಗೆ ಬಂದರೆ, ಬಿದ್ದ ಕೊಂಬೆಗಳ ನಡುವೆ ರಸ್ತೆಯಲ್ಲಿ ರೇನ್‌ಕೋಟು ತೊಟ್ಟ ಒಂದು ಆಕೃತಿ ಸೊಂಟದ ಮೇಲೆ ಕೈ ಇಟ್ಟು ನಿಂತಿತ್ತು. ತಗಡು ಇದ್ದಲ್ಲೇ ಇತ್ತು.

"ಎಲ್ಲಾ ಹುಷಾರಾಗಿದ್ದೀರೇನೋ?"

"ನೋಡ್ರಿ ಇವನ್ನ! ತಗಡು ನೋಡೂದು ಮುಗೀತು, ಈಗ ಮಂದೀನ ಕೇಳಾಕ ಹತ್ಯಾನ" ಎಂದಳು ಅವ್ವ. ಅಷ್ಟು ಹೇಳಿ, ಸೆರಗಿನಿಂದ ಕಣ್ಣು ಒರೆಸಿಕೊಂಡು, ರೊಟ್ಟಿ ಬಡಿಯಲು ಮೇಲೆ ಹತ್ತಿದಳು. ಅವರು ತಿಂದು ಹೋದರು. ಅವತ್ತು ಅವರು ನೋಡಬೇಕಾದ ಮನೆಗಳು ಬಹಳ ಇದ್ದವು.

ಕೆಲವು ವರ್ಷಗಳ ನಂತರ ನನಗೆ ವಿಜಯವಾಡಕ್ಕೆ ವರ್ಗವಾಯಿತು. ಸಂಸಾರ ವಿಶಾಖಪಟ್ಟಣದಲ್ಲೇ ಉಳಿಯಿತು. ಗಾಳಿಯಪ್ಪನವರಿಗೆ ಅದಕ್ಕೆ ಮೊದಲೇ ಅಲ್ಲಿಗೆ ವರ್ಗವಾಗಿತ್ತು. ಸಂಜೆ ಇಬ್ಬರೂ ಕೂಡಿ ಇಡ್ಲಿ ತಿನ್ನುತ್ತಿದ್ದೆವು. ಊರು ಬದಲಾದರೂ ಅವರು ಮೇಲೆ ನೋಡುವುದು ಬದಲಾಗಿರಲಿಲ್ಲ. ಆಟೋನಗರದಲ್ಲಿ ಲಾರಿ ರಿಪೇರಿ ಶೆಡ್ಡುಗಳ ಸಾಲು ಕಂಡರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಅಲ್ಲಿ ತಗಡಿನ ಮೇಲೆಲ್ಲ ಟೈರು, ಇಟ್ಟಿಗೆ, ಸತ್ತ ಎಂಜಿನ್ನು. ಅವರ ಜೊತೆ ಬೀದಿಯಲ್ಲಿ ನಡೆಯುವುದು ಒಂದು ಖುಷಿ. ಈಗಲೂ ಅವರನ್ನು ನೆನೆದರೆ ನನಗೆ ತಾನಾಗಿ ನಗು ಬರುತ್ತದೆ.

ನಮ್ಮ ಶಾಖೆಯಿಂದ ಸಾಲ ಪಡೆದು ಮನೆ ಕಟ್ಟಿಸಿದ, ಅಲ್ಲೇ ಹತ್ತಿರದ ಮಂಗಳಗಿರಿಯ ನೇಕಾರರ ಕುಟುಂಬವೊಂದು ಗೃಹಪ್ರವೇಶಕ್ಕೆ ಕರೆಯಿತು. ಮಾಳಿಗೆಯ ಮೇಲೆ ಮಗ್ಗಕ್ಕೆಂದು ತಗಡಿನ ದೊಡ್ಡ ಕೋಣೆ. ಹೋದಾಗ ಹಾಲು ಉಕ್ಕಿಸುವುದಕ್ಕೆ ಎಲ್ಲರೂ ಕಾಯುತ್ತಿದ್ದರು. ಯಾಕೆ ತಡ ಎಂದು ಮೇಲೆ ಹೋದೆ. ಮನೆಯಾಕೆ ಜರಿಯಂಚಿನ ಹೊಸ ಸೀರೆ ಉಟ್ಟು ಏಣಿಯ ಮೇಲೆ ನಿಂತಿದ್ದಳು. ಕೈಯಲ್ಲಿ ಅರಿಶಿನ ಮೆತ್ತಿದ ಸ್ಪ್ಯಾನರ್. ಕೆಳಗೆ ಗಂಡ ಏಣಿ ಹಿಡಿದಿದ್ದ. ನನ್ನನ್ನು ಕಂಡು ಆಕೆ ನಕ್ಕು, "ಇದಿ ಮೀ ಕನ್ನಡವಾಳ್ಳ ಆಚಾರಮೇ ಕದಾ ಸಾರ್! ಸರಿಗ್ಗಾ ಚೇಸ್ತುನ್ನಾನಾ?" ಎಂದಳು. ನಿಮ್ಮವರ ಪದ್ಧತಿಯೇ ಅಲ್ಲವೇ, ಸರಿಯಾಗಿ ಮಾಡುತ್ತಿದ್ದೇನಾ ಎಂದು ನನ್ನನ್ನೇ ಕೇಳುತ್ತಿದ್ದಳು.

ನಾನು ಕೆಳಗೆ ರಸ್ತೆ ನೋಡಿದೆ. ಆ ಊರು ಅವರ ವ್ಯಾಪ್ತಿಗೆ ಸೇರಿದ್ದೇ ಅಲ್ಲ, ಅವರನ್ನು ಯಾರಾದರೂ ಕರೆದಿದ್ದರೋ ಇಲ್ಲವೋ. ಗಾಳಿಯಪ್ಪನವರು ಸೊಂಟದ ಮೇಲೆ ಕೈ ಇಟ್ಟು ಮೇಲೆ ನೋಡುತ್ತ ನಿಂತಿದ್ದರು. ನನ್ನ ಕಣ್ಣಿಗೆ ಕಣ್ಣು ಸಿಕ್ಕಿದ್ದೇ ತುಟಿಯ ಮೇಲೆ ಬೆರಳಿಟ್ಟರು.

ಇದನ್ನು ಅವ್ವನಿಗೆ ಹೇಳದೆ ಇರಲಾಗಲಿಲ್ಲ. ಅಲ್ಲಿಂದಲೇ ಮೊಬೈಲಿನಲ್ಲಿ ಕರೆದು, ನಿನ್ನ ಬೋಲ್ಟಿನ ಪೂಜೆ ಇಲ್ಲಿಯ ತನಕ ಬಂದಿದೆ ನೋಡು, ಕನ್ನಡದವರ ಆಚಾರ ಎಂದು ನಂಬಿಕೊಂಡಿದ್ದಾರೆ ಎಂದೆ. ಅವಳೂ ಬಿದ್ದು ಬಿದ್ದು ನಗುತ್ತಾಳೆಂದು ನನ್ನ ಎಣಿಕೆ. ಅವಳು ನಗಲಿಲ್ಲ.

"ನಂಬೂದೇನು ಬಂತು? ಐತೆಲ್ಲ ಮತ್ತ. ಅದಿರಲಿ, ನೀ ಮ್ಯಾಲ ಹತ್ತಿ ನೋಡಿದ್ಯೋ ಇಲ್ಲೋ? ತಗಡಿನ ಮ್ಯಾಲ ಎಲ್ಲೆರ ಕಲ್ಲು ಇಟ್ಟಾರೇನು ನೋಡು. ಇಟ್ಟಿದ್ರ, ಆ ತಾಯಿಗೆ ಹಾಲು ಉಕ್ಕಸಬ್ಯಾಡ ಅಂತ ಹೇಳು."